ಕೊಪ್ಪರಿಗೆ ತಂಡದ ಮೊದಲ ಪ್ಲೇಟು

ಮದ್ರಾಸು
೨೨ ಆಗಸ್ಟ್ ೧೯೭೪

ಪ್ರಿಯ ಸಣ್ಣಯ್ಯ,

ಭಾನುವಾರ ನಿನ್ನನ್ನು ರೈಲು ಹತ್ತಿಸಿ ಬಂದಮೇಲೆ ನನಗೂ ತಿರುನಾರಾಯಣನಿಗೂ ಕೋಣೆಯೇ ಖಾಲಿ ಎನ್ನಿಸಿತು. ನಿನಗೆ ಸಿಕ್ಕ ರಜೆ ನಾಲ್ಕೇ ದಿನ, ಏನು ಮಾಡುವುದು. ಇನ್ನೊಂದು ವಾರ ನೀನು ಇಲ್ಲಿರಬೇಕಿತ್ತು.

ಮೊನ್ನೆ ಗ್ರಾಮಫೋನ್ ಕಂಪನಿಯ ಯಜಮಾನರು ಬಂದು ಟೇಪು ಕೇಳಿದರು. ಎಂಟೂ ಹಾಡು ಮುಗಿದಮೇಲೆ, "ಇದು ಮೂರು ಜನರದ್ದಾಯಿತು, ಉಳಿದವರು ಯಾವತ್ತು ಬರುತ್ತಾರೆ?" ಎಂದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು. ಇಲ್ಲಿ ಒಂದು ಹಾಡೆಂದರೆ ಇಪ್ಪತ್ತು ಪಿಟೀಲು, ನಾಲ್ಕು ಕೊಳಲು, ಹಿಂದೆ ಆ ಆ ಎನ್ನಲು ಹತ್ತು ಹೆಂಗಸರು. ನಾನು ಹೇಳಿದೆ, "ಉಳಿದವರು ಯಾರೂ ಇಲ್ಲ ಸಾರ್. ಹಾಡುವ ನಾನು, ನನ್ನ ಗಿಟಾರು. ದಪ್ಪ ತಂತಿಯ ಗಿಟಾರು ಹಿಡಿದ ಇವನು ಮದ್ದೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು. ಡ್ರಮ್ಮು ಬಾರಿಸಿದವನು ಮಳವಳ್ಳಿಯಲ್ಲಿ ಲೈನ್‌ಮನ್. ಮದ್ದೂರಿನ ಹತ್ತಿರ ಒಂದು ಆಲೆಮನೆಯಲ್ಲಿ, ಬೆಲ್ಲ ಕಾಯಿಸುವ ಕೊಪ್ಪರಿಗೆಯ ಪಕ್ಕದಲ್ಲಿ ನಿಂತು ಕಲಿತದ್ದು. ಅದಕ್ಕೇ ತಂಡಕ್ಕೆ ಆ ಹೆಸರು."

"ಎರಡು ಪಿಟೀಲಾದರೂ ಸೇರಿಸೋಣ," ಎಂದರು. ನಾನು ಮೇಜು ಗುದ್ದಿ ಬೇಡ ಎಂದೆ. ತಿರುನಾರಾಯಣ ಹೆದರಿ ನನ್ನ ಅಂಗಿ ಜಗ್ಗಿದ. ಕೊನೆಗೆ ಅವರೇ ಸೋತರು. ಪಿಟೀಲಿಲ್ಲ, ಕೊಳಲಿಲ್ಲ. ನಾವು ಮೂವರೇ.

ರೆಕಾರ್ಡಿಸ್ಟ್ ಶ್ಯಾಮಣ್ಣನವರು ಮಾತ್ರ, ಒಂದೆರಡು ಹಾಡಿನಲ್ಲಿ ವೇಗ ಹದಕ್ಕೆ ಬಂದಿಲ್ಲ, ಇನ್ನೊಮ್ಮೆ ನುಡಿಸಿ ನೋಡಬೇಕು ಎನ್ನುತ್ತಿದ್ದಾರೆ. ದೊಡ್ಡ ವಿಷಯವಲ್ಲ. ನಾವು ನೋಡಿಕೊಳ್ಳುತ್ತೇವೆ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಕಸ್ತೂರಿರಂಗ


ಕಿರುಗಾವಲು
೨ ಸೆಪ್ಟೆಂಬರ್ ೧೯೭೪

ಗೆಳೆಯ ರಂಗನಿಗೆ,

ಕಾಗದ ಬಂದಾಗ ನಾನು ಬಾಚನಹಳ್ಳಿ ಕಡೆ ಕಂಬದ ಮೇಲಿದ್ದೆ. ಸಂಜೆ ಮನೆಗೆ ಬಂದು ಓದಿದೆ. ಮೇಜು ಗುದ್ದಿದ್ದನ್ನು ಅವ್ವನಿಗೆ ಎರಡು ಸಲ ಓದಿ ಹೇಳಬೇಕಾಯಿತು.

ಮದ್ರಾಸಿನಿಂದ ಬಂದ ದಿನ ಅವ್ವ, "ನಾಕ್ ದಿನ ಅಲ್ಲಿ ಏನ್ಲಾ ಮಾಡ್ದೆ?" ಎಂದಳು.

"ಡ್ರಮ್ಮು ಬಾರಿಸ್ದೆ ಕಣವ್ವ."

"ಅದ್ನ ಇಲ್ಲೇ ಬಾರಿಸ್ತಿದ್ದಲ್ಲ. ಅಷ್ಟ್ ದೂರ ಓಗ್ಬೇಕಿತ್ತಾ?"

ಪ್ಲೇಟು ಎಂದರೇನು, ಅದರೊಳಗೆ ಸದ್ದು ಹೇಗೆ ಕೂತಿರುತ್ತದೆ ಎಂದು ಬಿಡಿಸಿ ಹೇಳಿದೆ. ಎಲ್ಲ ಕೇಳಿ, "ಅಂಗಾದ್ರೆ ನಾನ್ ಸತ್ ಮ್ಯಾಲೂ ನೀನು ಬಡೀತಾನೇ ಇರ್ತೀಯ ಅನ್ನು," ಎಂದಳು. ಬೈದಳೋ ಸಂತೋಷಪಟ್ಟಳೋ ನನಗೆ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಪಕ್ಕದ ಮನೆ ಮುದ್ದಮ್ಮ ಬಂದು, "ನಿನ್ ಸದ್ದ ಅದೇನೋ ತಟ್ಟೆ ಒಳಿಕ್ ಆಕವ್ರಂತೆ," ಎಂದಾಗ ಗೊತ್ತಾಯಿತು, ಇವಳು ಬೀದಿಗೆಲ್ಲ ಸಾರಿದ್ದಾಳೆ.

ಮೊದಲ ದಿನ ಆ ಗಾಜಿನ ಕೋಣೆಯಲ್ಲಿ ಕೂತಾಗ ಅಂಗೈ ಬೆವರಿ ಕಡ್ಡಿ ಜಾರುತ್ತಿತ್ತು. ಮೂರನೆಯ ದಿನಕ್ಕೆ, ಇದಕ್ಕೇ ಹುಟ್ಟಿದ್ದೇನೆ ಎನ್ನಿಸಿತು. ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ.

ಮತ್ತೆ ನುಡಿಸಬೇಕು ಎಂದು ಬರೆದಿದ್ದೀಯ. ಹಾಗಿದ್ದರೆ ಒಂದು ತಂತಿ ಕೊಡು ಸಾಕು. ಏನಾದರೂ ಸುಳ್ಳು ಹೇಳಿ ರಜೆ ಹಾಕಿ ಬರುತ್ತೇನೆ. ಎರಡು ದಿನ ಮುಂಚೆ ತಿಳಿಸು.

ಇಂತಿ
ಸಣ್ಣಯ್ಯ


ಮದ್ರಾಸು
೯ ಡಿಸೆಂಬರ್ ೧೯೭೪

ಪ್ರಿಯ ಸಣ್ಣಯ್ಯ,

ಮೂರು ತಿಂಗಳು ಬರೆಯಲಿಲ್ಲ, ಕ್ಷಮಿಸು. ನಿನ್ನನ್ನು ಕರೆಸುವ ಅಗತ್ಯ ಬೀಳಲಿಲ್ಲ. ಕೆಲಸವೆಲ್ಲ ಇಲ್ಲೇ ಮುಗಿಯಿತು.

ಪ್ಲೇಟು ಬಂದಿದೆ. ನಿನ್ನದನ್ನು ಬೇರೆಯಾಗಿ ಪಾರ್ಸೆಲ್ ಮಾಡಿದ್ದೇನೆ. ಹಲಗೆಯ ನಡುವೆ ಇಟ್ಟು ಕಟ್ಟಿಸಿದ್ದೇನೆ, ಬಿಚ್ಚುವಾಗ ಹುಷಾರು. ಹೊದಿಕೆಯ ಮೇಲೆ ನಾವು ಮೂವರೂ ಮೆಟ್ಟಿಲ ಮೇಲೆ ಕೂತ ಫೋಟೋ ಇದೆ. ಕೆಳಗೆ ಮೂವರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿದೆ. ನಾನೇ ಪ್ರೆಸ್ಸಿಗೆ ಹೋಗಿ ನಿಂತು ಹಾಕಿಸಿದೆ.

ಕೇಳಿ ಬರೆ.

ನಿನ್ನ
ರಂಗ


ಕಿರುಗಾವಲು
೪ ಜನವರಿ ೧೯೭೫

ರಂಗನಿಗೆ,

ಪ್ಲೇಟು ಒಡೆಯದೆ ಬಂತು. ಹೆಡ್‌ಮಾಸ್ತರರ ಮನೆಯಲ್ಲಿ ಹಾಕಿಸಿ ಎಲ್ಲರೂ ಕೇಳಿದೆವು. ನಿನ್ನ ಧ್ವನಿ ಚೆನ್ನಾಗಿ ಬಂದಿದೆ. ಫೋಟೋ ಚೆನ್ನಾಗಿದೆ. ಕೆಲಸ ಜಾಸ್ತಿ.

ಸಣ್ಣಯ್ಯ


ಮದ್ರಾಸು
೨೦ ಮಾರ್ಚ್ ೧೯೭೫

ಪ್ರಿಯ ಸಣ್ಣಯ್ಯ,

ಎರಡು ಪತ್ರ ಬರೆದೆ, ನಿನ್ನಿಂದ ಉತ್ತರವಿಲ್ಲ. ಆರೋಗ್ಯವಾಗಿದ್ದೀಯ ತಾನೆ?

ಪ್ಲೇಟು ಹೋಗುತ್ತಿಲ್ಲ. ಬೆಂಗಳೂರಿನ ಒಂದು ಪತ್ರಿಕೆಯವರು ಆರು ಸಾಲು ಬರೆದಿದ್ದಾರೆ. "ಹೊಸ ಪ್ರಯತ್ನ, ಅಚ್ಚುಕಟ್ಟಾಗಿದೆ, ಆದರೆ ಹಾಡುಗಳು ನಿದ್ದೆಗಣ್ಣಿನಲ್ಲಿ ನಡೆದ ಹಾಗಿವೆ," ಎಂದು. ಆಲೆಮನೆಯಲ್ಲಿ ನಮ್ಮ 'ಕಬ್ಬಿನ ಗಾಡಿ' ಕೇಳಿ ಕೆಲಸದವರು ಕಬ್ಬಿನ ಜಲ್ಲೆ ಹಿಡಿದು ಕುಣಿದದ್ದು ನಿನಗೆ ನೆನಪಿದೆಯಲ್ಲ. ಅದು ಹೇಗೆ ನಿದ್ದೆಗಣ್ಣಾಯಿತು ಎಂದು ತಿರುನಾರಾಯಣ ಕೇಳಿದ.

ಏಪ್ರಿಲ್ ಹನ್ನೆರಡಕ್ಕೆ ಮಂಡ್ಯದಲ್ಲಿ ಒಂದು ಕಾರ್ಯಕ್ರಮ ಗೊತ್ತಾಗಿದೆ. ನಮ್ಮ ಊರಿನಲ್ಲಿ, ನಮ್ಮ ಜನರ ಎದುರಿಗೆ ಮೊದಲನೆಯ ಸಲ. ಹಿಂದಿನ ದಿನ ಆಲೆಮನೆಯಲ್ಲಿ ಸೇರೋಣ. ನೀನು ಬರಲೇಬೇಕು.

ನಿನ್ನ
ರಂಗ


(ಅಂಚೆ ಕಾರ್ಡು)
ಮಳವಳ್ಳಿ, ೨೯ ಮಾರ್ಚ್ ೧೯೭೫

ಬರಲಾಗುವುದಿಲ್ಲ. ಡ್ರಮ್ಮನ್ನು ನಮ್ಮೂರ ಸ್ಕೂಲಿನ ಕವಾಯತಿಗೆ ಕೊಟ್ಟುಬಿಟ್ಟೆ. ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಸಣ್ಣಯ್ಯ


ಮದ್ರಾಸು
೧೮ ಜೂನ್ ೧೯೭೬

ಸಣ್ಣಯ್ಯ,

ಒಂದು ವರ್ಷದ ಮೇಲಾಯಿತು ನಿನಗೆ ಬರೆದು. ಕೊಪ್ಪರಿಗೆ ಈಗ ಇಲ್ಲ. ಮಂಡ್ಯದ ಕಾರ್ಯಕ್ರಮವನ್ನು ನಾವೇ ಬೇಡವೆಂದು ಬಿಟ್ಟೆವು. ತಿರುನಾರಾಯಣ ಟಿಕೆಟ್ ಕೊಡುತ್ತಾ ಮದ್ದೂರಿನಲ್ಲೇ ಇದ್ದಾನೆ. ನಾನು ಇಲ್ಲಿ ಸಿನಿಮಾ ಹಾಡುಗಳಿಗೆ ಗಿಟಾರು ನುಡಿಸುತ್ತೇನೆ. ಇಪ್ಪತ್ತು ಪಿಟೀಲುಗಳ ಹಿಂದೆ, ಮೂಲೆಯಲ್ಲಿ ಕುರ್ಚಿ. ಬರೆದುಕೊಟ್ಟಷ್ಟು ನುಡಿಸಿ ಎದ್ದು ಬರುವುದು.

ಹೋದ ವಾರ ತಂಗಿ ಗೋದಾಳ ಮದುವೆಗೆ ಮಂಡ್ಯಕ್ಕೆ ಬಂದಿದ್ದೆ. ಗುರುವಾರ ಬಸ್ಸು ಹಿಡಿದು ನಿಮ್ಮೂರಿಗೂ ಬಂದೆ. ನೀನು ಹಲಗೂರು ಕಡೆ ಲೈನು ನೋಡಲು ಹೋಗಿದ್ದೀಯೆಂದು ನಿಮ್ಮ ತಾಯಿ ಹೇಳಿದರು. ಬೀರಮ್ಮನವರು ಮುಂಚಿನ ಹಾಗೇ ಇದ್ದಾರೆ. "ಬಾ ರಂಗಪ್ಪ, ಕಾಲ್ ತೊಳ್ಕೋ," ಎಂದರು. ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದರು. ಎದುರಿಗೆ ಕೂತು, ನಾನು ಎರಡು ತುತ್ತು ನುಂಗಿದ ಮೇಲೆ ಕೇಳಿದರು.

"ಆ ತಟ್ಟೇಲಿ ಬಾರಿಸ್ದೋರು ಯಾರಪ್ಪ?"

ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ.

"ಬೈಯಕ್ಕೆ ಕೇಳ್ತಿಲ್ಲ ಕಣಪ್ಪ. ಗೊತ್ತಾಗ್ಲಿ ಅಂತ ಕೇಳ್ದೆ. ನಮ್ ಹೈದ ಅದ್ರಾಗಿಲ್ಲ."

"ಅಮ್ಮಾ..." ಎಂದೆ.

"ಓಗ್ಲಿ ಬುಡು. ಉಣ್ಣು, ಆರೋಯ್ತದೆ," ಎಂದು ಇನ್ನೊಂದು ಸೌಟು ಸಾರು ಬಿಟ್ಟು ಒಳಗೆ ಹೋದರು.

ಅವರಿಗೆ ಹೇಳಲಾಗದ್ದನ್ನು ನಿನಗೆ ಬರೆಯುತ್ತಿದ್ದೇನೆ. ನೀನು ರೈಲು ಹತ್ತಿದ ಮಾರನೆಯ ದಿನ ಶ್ಯಾಮಣ್ಣನವರು ನನ್ನನ್ನು ಕರೆದು, "ನಿಮ್ಮ ಡ್ರಮ್ಮಿನವನು ಓಡುತ್ತಾನೆ. ಎಂಟರಲ್ಲಿ ಆರು ಹಾಡಿನಲ್ಲಿ ನಿಮ್ಮ ಮುಂದೆ ಮುಂದೆ ಓಡಿದ್ದಾನೆ. ಇದನ್ನು ಹೀಗೆ ಬಿಟ್ಟರೆ ಯಜಮಾನರು ಪ್ಲೇಟು ಮಾಡುವುದಿಲ್ಲ," ಎಂದರು. ಮೂವರದೂ ಒಟ್ಟಿಗೆ ರೆಕಾರ್ಡಾಗಿದ್ದರಿಂದ ನಿನ್ನದನ್ನಷ್ಟೇ ತೆಗೆಯಲು ಬರುತ್ತಿರಲಿಲ್ಲ. ಬೇರೆ ಸ್ಟುಡಿಯೋದಿಂದ ಒಬ್ಬ ಡ್ರಮ್ಮಿನವರನ್ನು ಅರ್ಧ ದಿನಕ್ಕೆ ಕರೆಸಿದರು. ಆಗಸ್ಟ್ ಇಪ್ಪತ್ತನಾಲ್ಕು, ಶನಿವಾರ. ಎಂಟು ಹಾಡನ್ನೂ ಮೊದಲಿಂದ ನುಡಿಸಿದೆವು. ಪ್ಲೇಟಿನಲ್ಲಿರುವುದು ಅದು.

ತಿರುನಾರಾಯಣ ಒಪ್ಪಲಿಲ್ಲ. "ಸಣ್ಣಯ್ಯನಿಗೆ ತಂತಿ ಕೊಡೋಣ ಕಣೋ, ಬಂದು ಅವನೇ ಇನ್ನೊಮ್ಮೆ ಬಾರಿಸಲಿ," ಎಂದ. ಬೇಡ ಎಂದವನು ನಾನು. ತಡವಾದರೆ ಯಜಮಾನರ ಮನಸ್ಸು ಬದಲಾದೀತು ಎಂದು ಹೆದರಿದೆ. ತಂತಿ ಕೊಡು, ಬರುತ್ತೇನೆ ಎಂಬ ನಿನ್ನ ಕಾಗದ ಕೈಗೆ ಬಂದಾಗ ಎಲ್ಲ ಮುಗಿದು ಎರಡು ವಾರವಾಗಿತ್ತು. ಆ ಕಾಗದವನ್ನು ನಾನು ತಿರುನಾರಾಯಣನಿಗೆ ತೋರಿಸಲಿಲ್ಲ.

ಪಿಟೀಲು ಬೇಡವೆಂದು ಮೇಜು ಗುದ್ದಿದವನಿಗೆ ನಿನ್ನ ವಿಷಯಕ್ಕೆ ಬಾಯಿ ಬರಲಿಲ್ಲ. ಹೊದಿಕೆಯ ಮೇಲೆ ನಿನ್ನ ಹೆಸರು ಹಾಕಿಸಿದ್ದು ನಿನಗೆ ಗೊತ್ತಾಗದಿರಲಿ ಎಂದು. ಅದನ್ನು ಸ್ನೇಹ ಎಂದು ನನಗೆ ನಾನೇ ಹೇಳಿಕೊಂಡೆ.

ಕ್ಷಮಿಸು ಎಂದು ಕೇಳುವುದಕ್ಕೂ ಎರಡು ವರ್ಷ ತಡವಾಯಿತು.

ಕಸ್ತೂರಿರಂಗ


ಕಿರುಗಾವಲು
೧೧ ಜುಲೈ ೧೯೭೬

ರಂಗನಿಗೆ,

ಗುರುವಾರ ನಾನು ಹಲಗೂರಿಗೆ ಹೋಗಿರಲಿಲ್ಲ. ನೀನು ಬಸ್ಸಿನಿಂದ ಇಳಿದದ್ದನ್ನು ನೋಡಿ ಗದ್ದೆ ಬದುವಿನ ಮೇಲೆ ನಡೆದುಹೋದೆ. ನೀನು ಹೋಗುವವರೆಗೂ ಕಾಲುವೆ ಸೋಪಾನದ ಮೇಲೆ ಕೂತಿದ್ದೆ. ನನ್ನದೂ ಒಂದು ಸುಳ್ಳು ನಿನ್ನ ಲೆಕ್ಕಕ್ಕೆ ಸೇರಲಿ ಎಂದು ಬರೆಯುತ್ತಿದ್ದೇನೆ.

ಪ್ಲೇಟು ಬಂದ ದಿನದ ವಿಷಯ ಹೇಳುತ್ತೇನೆ. ಹೆಡ್‌ಮಾಸ್ತರರ ಜಗಲಿಯ ಮೇಲೆ ಮೂವತ್ತು ಜನ. ಆಲೆಮನೆಯ ಮಾವ ಚಿಕ್ಕಬೋರಯ್ಯ ಮದ್ದೂರಿನಿಂದ ಹೊಸ ಪಂಚೆ ಉಟ್ಟು ಬಂದಿದ್ದ. ಅವ್ವನನ್ನು ಪೆಟ್ಟಿಗೆಯ ಎದುರಿಗೇ ಕೂರಿಸಿದರು. ಮುಳ್ಳು ಕೂತಿತು. ನಾಲ್ಕು ಪೆಟ್ಟು ಕೇಳುವಷ್ಟರಲ್ಲಿ ತಿಳಿಯಿತು, ಪೆಡಲು ತುಳಿದ ಈ ಕಾಲು ನನ್ನದಲ್ಲ, ಕೈಯೂ ನನ್ನದಲ್ಲ. ಮೊದಲು ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡೆ. ಎರಡನೆಯ ಹಾಡಿಗೆ ಹಾಗೆ ಅಂದುಕೊಳ್ಳಲೂ ಆಗಲಿಲ್ಲ. ಜನ ಬೆನ್ನು ತಟ್ಟುತ್ತಿದ್ದರು. ನಾನು ನಗುತ್ತಿದ್ದೆ.

ಮನೆಗೆ ಹೋಗುವಾಗ ದಾರಿಯಲ್ಲಿ ಅವ್ವ, "ಅದು ನಿನ್ ಕೈ ಅಲ್ವಲ್ಲಾ," ಎಂದಳು.

"ನಂದೇ ಕಣವ್ವ. ಮಿಸೀನ್ನಾಗೆ ಅಂಗ್ ಕೇಳ್ತದೆ."

"ಮಿಸೀನ್ಗೆ ಸುಳ್ ಯೋಳಿ ಏನಾಗ್ಬೇಕು? ನೀನು ಅಂಬೆಗಾಲಿಕ್ತಿದ್ದಾಗಿಂದ ಮೊರ ಬಡಿಯೋದ್ ಕೇಳಿವ್ನಿ."

ನಾನು ಬಿರಬಿರನೆ ಮುಂದೆ ನಡೆದೆ. ಅವಳೂ ಮತ್ತೆ ಆ ಮಾತು ಎತ್ತಲಿಲ್ಲ. ಜನವರಿ ಇಪ್ಪತ್ತಾರಕ್ಕೆ ಸ್ಕೂಲಿನಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಹಾರ ಹಾಕಿದರು. ಪ್ಲೇಟಿನಲ್ಲಿ ಬಂದ ಮೊದಲನೆಯ ನಮ್ಮೂರ ಹುಡುಗ ಎಂದು ಭಾಷಣ ಆಯಿತು. ಆ ಹಾರ ಹಾಕಿಸಿಕೊಂಡು ಕೂತಿದ್ದೆನಲ್ಲ, ಅದಕ್ಕೆ ನಿನ್ನನ್ನು ದೂರಲಾರೆ. ಎದ್ದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ಕಡ್ಡಿ ಹಿಡಿಯಲು ಮನಸ್ಸು ಬರಲಿಲ್ಲ. ಸ್ಕೂಲಿಗೇ ಕೊಟ್ಟೆ.

ನಿನ್ನ ಕಾಗದಕ್ಕೆ ಕಾದೆ. ಪೋಸ್ಟಿನವನನ್ನು ಕಂಬದ ಮೇಲಿಂದ ಕೂಗಿ ಕೇಳಿದ್ದೂ ಉಂಟು. ನೀನು ಬರೆದದ್ದೆಲ್ಲ ಬೇರೆ. ಇದೊಂದನ್ನು ಬರೆಯುತ್ತೀಯ ಎಂದು ಕಾದೆ. ನಾನೇ ಕೇಳಬಹುದಿತ್ತು. ಕೇಳಿದರೆ ನೀನು ಇನ್ನೊಂದು ಸುಳ್ಳು ಹೇಳುತ್ತೀಯೇನೋ ಎಂದು ಭಯ. ಆಗ ಏನೂ ಉಳಿಯುತ್ತಿರಲಿಲ್ಲ.

ಈಗ ಒಂದು ಮಾತು. ಸಿಟ್ಟಿನಿಂದಲ್ಲ, ನಿಜ ಎಂದು ಹೇಳುತ್ತಿದ್ದೇನೆ. ನಾನು ಓಡಲಿಲ್ಲ ರಂಗ. ನೀನು ಹಿಂದೆ ಬಿದ್ದಿದ್ದೆ. ಆಲೆಮನೆಯಲ್ಲಿ ಹಾಡುವಾಗ ನೀನು ನನ್ನ ಕಡೆ ತಿರುಗಿ ಹಾಡುತ್ತಿದ್ದೆ. ಅಲ್ಲಿ ಗಾಜಿನ ಆಚೆ ಕೂತವರ ಮುಖವನ್ನೇ ನೋಡುತ್ತಾ ಹಾಡಿದೆ. ಪ್ರತಿ ಸಾಲಿಗೂ ಕಾಲು ಎಳೆಯುತ್ತಿದ್ದೆ. ಏರಿನಲ್ಲಿ ಎತ್ತು ನಿಂತಾಗ ಗಾಡಿಯವನು ಇಳಿದು ಚಕ್ರಕ್ಕೆ ಹೆಗಲು ಕೊಡುತ್ತಾನಲ್ಲ, ನಾನು ಮಾಡಿದ್ದು ಅಷ್ಟೇ. ನಿಲ್ಲಿಸಿ, ನಿಧಾನವಾಗುತ್ತಿದೆ ಕಣೋ ಎನ್ನಬೇಕಿತ್ತು. ಅಷ್ಟು ಜನರ ಮುಂದೆ ನಿನಗೆ ಅವಮಾನವಾಗುತ್ತದೆ ಎಂದು ಸುಮ್ಮನಾದೆ. ಆಮೇಲೆ ಬಂದವನು ನಿನ್ನ ಹಿಂದೆಯೇ ನಡೆದ. ಅವನ ತಪ್ಪಿಲ್ಲ, ಅವನಿಗೆ ಹೇಳಿದ್ದು ಅದು. ಪೇಪರಿನವರು ನಿದ್ದೆಗಣ್ಣು ಎಂದದ್ದು ಅದಕ್ಕೆ.

ಕ್ಷಮೆಯ ಮಾತು ಬಿಡು. ಒಂದು ಕೆಲಸ ಮಾಡು. ಹೊದಿಕೆಯ ಮೇಲಿಂದ ನನ್ನ ಹೆಸರು ತೆಗೆಸು. ಬಾರಿಸಿದವನ ಹೆಸರು ಹಾಕಿಸು. ಅವನಿಗೂ ಒಬ್ಬಳು ತಾಯಿ ಇದ್ದಾಳು.

ಸಣ್ಣಯ್ಯ


ಮದ್ರಾಸು
೬ ಫೆಬ್ರವರಿ ೧೯೭೭

ಪ್ರಿಯ ಸಣ್ಣಯ್ಯ,

ನಿನ್ನ ಕಾಗದ ಓದಿದಾಗ ನನಗೆ ಮೊದಲು ಹೊಳೆದದ್ದು, ಆ ಮನುಷ್ಯನ ಹೆಸರು ನನಗೆ ಗೊತ್ತಿಲ್ಲ ಎಂಬುದು. ಅರ್ಧ ದಿನ ಜೊತೆಯಲ್ಲಿ ನುಡಿಸಿದೆ, ಕಾಫಿ ಕುಡಿದೆ, ಹೆಸರು ಕೇಳಿರಲಿಲ್ಲ.

ಶ್ಯಾಮಣ್ಣನವರಿಗೂ ಮರೆತಿತ್ತು. ಒಬ್ಬರು ಇನ್ನೊಬ್ಬರ ವಿಳಾಸ ಕೊಟ್ಟು, ಅವರು ಮತ್ತೊಬ್ಬರ ಹತ್ತಿರ ಕಳಿಸಿ, ಆರು ತಿಂಗಳ ಮೇಲೆ ಸೈದಾಪೇಟೆಯಲ್ಲಿ ಸಿಕ್ಕಿದರು. ಅರುಳಪ್ಪ ಎಂದು ಹೆಸರು. ಐವತ್ತರ ಹತ್ತಿರದ ವಯಸ್ಸು. ದಿನಕ್ಕೆ ಎರಡು ಕಡೆ ಬಾರಿಸುತ್ತಾರೆ. ಯಾವುದು ಏನಾಯಿತೆಂದು ಅವರಿಗೆ ಗೊತ್ತಿಲ್ಲ. ನಮ್ಮದು ಪ್ಲೇಟಾಗಿದೆ ಎಂಬುದೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಎಲ್ಲೂ ತಮ್ಮ ಹೆಸರು ಅಚ್ಚಾಗಿಲ್ಲ ಎಂದು ದೂರುವ ಹಾಗಲ್ಲ, ಸುಮ್ಮನೆ ಹೇಳಿದರು.

ಕಂಪನಿಯವರು ಹೊಸ ಹೊದಿಕೆ ಅಚ್ಚು ಹಾಕುವುದಿಲ್ಲ. ಪ್ಲೇಟೇ ಹೋಗದಿರುವಾಗ ಅವರನ್ನು ಏನೆನ್ನುವುದು. ಗೋದಾಮಿನಲ್ಲಿ ಉಳಿದಿದ್ದನ್ನೆಲ್ಲ ನಾನೇ ತಂದು ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ. ಒಂದೊಂದರ ಮೇಲೂ ನಿನ್ನ ಹೆಸರಿಗೆ ಗೀಟು ಹಾಕಿ, ಪಕ್ಕದಲ್ಲಿ ಅವರ ಹೆಸರನ್ನು ಇಂಡಿಯನ್ ಇಂಕಿನಲ್ಲಿ ಬರೆಯುತ್ತಿದ್ದೇನೆ. ಮೊದಲನೆಯದನ್ನು ಅವರಿಗೆ ಕೊಟ್ಟೆ. ಅವರಿಗೆ ಕನ್ನಡ ಬಾರದು. ಕೆಳಗೆ ತಮಿಳಿನಲ್ಲೂ ಬರೆ ಎಂದರು. ನೀನು ಅಂದುಕೊಂಡ ಹಾಗೆಯೇ ತಾಯಿ ಇದ್ದಾರೆ. ಕಣ್ಣು ಕಾಣುವುದಿಲ್ಲ. ಹೆಸರು ಎಲ್ಲಿದೆ ತೋರಿಸು ಎಂದರು. ಅರುಳಪ್ಪ ಅವರ ಬೆರಳು ಹಿಡಿದು ಆ ಜಾಗಕ್ಕೆ ಇಟ್ಟರು. ನಾನು ಅಲ್ಲಿ ನಿಲ್ಲಲಾರದೆ ಕೆಳಗಿಳಿದು ಬಂದೆ.

ನಿನ್ನ ಹೆಸರಿನ ಮೇಲೆ ಗೀಟು ಎಳೆಯುವುದು ನೀನು ಹೇಳಿದ ಕೆಲಸವೇ ಆದರೂ ಒಂದೊಂದು ಗೀಟಿಗೂ ಎದ್ದು ಕೋಣೆಯಲ್ಲಿ ಓಡಾಡುತ್ತೇನೆ. ಎರಡನೆಯದನ್ನು ನಿನಗೆ ಕಳಿಸಿದ್ದೇನೆ.

ಇನ್ನೊಂದು ಕೆಟ್ಟ ಸುದ್ದಿ ಇದೆ. ನೀನು ಬಾರಿಸಿದ ಮೊದಲ ಟೇಪನ್ನು ಹುಡುಕಿಸಿದೆ. ಅದು ಇಲ್ಲ. ಟೇಪು ದುಬಾರಿಯೆಂದು ಅದೇ ತಿಂಗಳು ಅಳಿಸಿ ಅದರ ಮೇಲೆ ಬೇರೆ ಯಾವುದೋ ಹಾಡು ಹಾಕಿದ್ದಾರೆ.

ನೀನು ಹೇಳಿದ್ದು ನಿಜ. ಕೋಣೆಯ ಬಾಗಿಲು ಹಾಕಿಕೊಂಡು 'ಕಬ್ಬಿನ ಗಾಡಿ'ಯನ್ನು ಒಬ್ಬನೇ ಹಾಡಿ ನೋಡಿದೆ. ಆಲೆಮನೆಯಲ್ಲಿ ಹಾಡುತ್ತಿದ್ದ ಹಾಗೆ. ಪ್ಲೇಟಿಗಿಂತ ಎಷ್ಟೋ ಬೇಗ ಮುಗಿಯಿತು.

ನಿನ್ನ
ರಂಗ


ಕಿರುಗಾವಲು
೨೭ ಫೆಬ್ರವರಿ ೧೯೭೭

ರಂಗನಿಗೆ,

ಪಾರ್ಸೆಲ್ಲು ಬಂತು. ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಹೊದಿಕೆ ಅವಳ ಕೈಗೆ ಕೊಟ್ಟೆ.

"ಇದ್ಯಾಕ್ಲಾ ಗೀಚವ್ರೆ?"

"ನನ್ ಎಸ್ರು ಒಡೆದಾಕವ್ರೆ ಕಣವ್ವ. ನಾನೇ ಯೋಳಿದ್ದು. ಇದು ಬಾರಿಸ್ದೋರ ಎಸ್ರು. ಅರುಳಪ್ಪ ಅಂತ."

ಅವಳು ಆ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು. ಓದಲು ಬರುವುದಿಲ್ಲ, ಆದರೂ ನೋಡಿದಳು. "ಚೆಂದಾಗೇ ಬಾರಿಸ್ಯವ್ನೆ, ಪಾಪ," ಎಂದಳು. ಆಮೇಲೆ, "ನೀನ್ ಬಾರಿಸಿದ್ದು ಎಲ್ಲದೆ?" ಎಂದಳು.

"ಅದಿಲ್ಲ. ಅಳಿಸಾಕ್ಬುಟ್ರಂತೆ."

"ಒಂದ್ ಕಿತಾನೂ ಯಾರೂ ಕೇಳ್ಲೇ ಇಲ್ವಾ?"

"ರಂಗ ಕೇಳವ್ನೆ."

ಅವ್ವ ಎರಡು ಕಾಯಿ ಸುಲಿದಳು. ಮೂರನೆಯದನ್ನು ಕೈಯಲ್ಲೇ ಹಿಡಿದುಕೊಂಡು, "ಅಂಗಾದ್ರೆ ಅವ್ನ್ಗೆ ಇಲ್ಲಿಗ್ ಬರಕ್ ಯೋಳು. ಎಂಗಿತ್ತು ಅಂತ ಯೋಳ್ಲಿ," ಎಂದಳು.

ಯಾವತ್ತು ಬರುತ್ತೀಯೆಂದು ಒಂದು ಕಾರ್ಡು ಹಾಕು. ಬಹಳ ತಡಮಾಡಬೇಡ, ಅವಳಿಗೆ ವಯಸ್ಸಾಗಿದೆ.

ಸಣ್ಣಯ್ಯ